ಏರ್ತಾ ಇದೀರೋ, ಇಳೀತಾ ಇದೀರೋ?

ನಮ್ಮ ಮಾಮು ತಮ್ಮ ಜನ್ಮದಲ್ಲಿ ಯಾರನ್ನೂ "ಹೇಗಿದ್ದೀರಿ?" ಎಂದು ಕೇಳಿದವರಲ್ಲ. ಸೊಕ್ಕು ಎಂದುಕೊಳ್ಳಬೇಡಿ. ಆ ಪ್ರಶ್ನೆಯೇ ದಂಡ ಎಂದು ಅವರ ವಾದ. "ಹೇಗಿದೀಯ ಅಂದ್ರೆ ಏನಂತಾರೆ? ಚೆನ್ನಾಗಿದೀನಿ ಅಂತಾರೆ. ಅದ್ರಿಂದ ಏನ್ ಗೊತ್ತಾಯ್ತು, ಮಣ್ಣು!" ಹಾಗಾಗಿ ಎದುರಿಗೆ ಸಿಕ್ಕವರಿಗೆಲ್ಲ ಅವರು ಕೇಳುವುದು ಎರಡು ಪ್ರಶ್ನೆ. ಮೊದಲನೆಯದು, "ಏರ್ತಾ ಇದೀರೋ, ಇಳೀತಾ ಇದೀರೋ?" ಅದಕ್ಕೆ ಉತ್ತರ ಬಂದ ಮೇಲೆ ಎರಡನೆಯದು, "ಜೋರಾಗೋ, ನಿಧಾನವಾಗೋ?"

ಹಾಲಿನವನಿಗೂ ಇದೇ, ಮಸೀದಿಯ ಮೆಟ್ಟಿಲ ಮೇಲೆ ಸಿಕ್ಕ ಹಿರಿಯರಿಗೂ ಇದೇ. ಒಮ್ಮೆ ಆಸ್ಪತ್ರೆಯಲ್ಲಿ ಮಲಗಿದ್ದ ವಯಸ್ಸಾದ ಸಂಬಂಧಿಕರೊಬ್ಬರನ್ನು ನೋಡಲು ಎಲ್ಲರೂ ಹೋಗಿದ್ದೆವು. ಮಾಮು ಮಂಚದ ಪಕ್ಕ ನಿಂತು ಅದೇ ಪ್ರಶ್ನೆ ಕೇಳಿದರು. ಅವರು ಕಷ್ಟಪಟ್ಟು ಕಣ್ಣು ಬಿಟ್ಟು, "ಇಳೀತಾ ಇದೀನಪ್ಪ" ಎಂದರು. ಎರಡನೆಯ ಪ್ರಶ್ನೆ ಮಾಮುವಿನ ಬಾಯಿಂದ ಹೊರಡುವಷ್ಟರಲ್ಲಿ ನಮ್ಮ ಅಮ್ಮಿ ಅವರ ತೋಳು ಹಿಡಿದು ವರಾಂಡಕ್ಕೆ ಎಳೆದುಕೊಂಡು ಹೋಗಿದ್ದರು. ಆಮೇಲೆ ನಾವು ವಾಪಸ್ಸು ಹೊರಟಾಗ ಆ ಹಿರಿಯರೇ ಕೈಸನ್ನೆ ಮಾಡಿ ಮಾಮುವನ್ನು ಕರೆದು, "ಜೋರಾಗೇ ಕಣಪ್ಪ" ಎಂದು ಕಿವಿಯಲ್ಲಿ ಹೇಳಿದರಂತೆ. ಅಷ್ಟು ದಿನದಲ್ಲಿ ಅವರಿಗೆ ಸರಿಯಾದ ಪ್ರಶ್ನೆ ಕೇಳಿದವರು ತಾವೊಬ್ಬರೇ ಎಂದು ಮಾಮು ಈಗಲೂ ಹೇಳಿಕೊಳ್ಳುತ್ತಾರೆ.

ಇಂಥವರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಎಂದು ನೀವು ಊಹಿಸಿಯೇ ಇರುತ್ತೀರಿ. ಮಾಮು ಅಂದರೆ ನಮ್ಮ ಅಮ್ಮಿಯ ತಮ್ಮ, ಗುಬ್ಬಿಯ ಒಂದು ಪಿಯು ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ಮನೆ ತುಮಕೂರಿನಲ್ಲಿ, ನಮ್ಮ ಬೀದಿಯ ಹಿಂದಿನ ಬೀದಿ. ನಮ್ಮೆಲ್ಲರ ಮನೆಮಾತು ಉರ್ದು. ಆದರೆ ಮಾಮು ಚೇಳೂರಿನ ಕನ್ನಡ ಶಾಲೆಯಲ್ಲಿ ಓದಿದವರು. ಲೆಕ್ಕದ ಮಾತು ಬಂದರೆ ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತದೆ. ಅವರ ಹೆಂಡತಿ, ನಮ್ಮ ಮುಮಾನಿ, ಕುಣಿಗಲ್ಲಿನವರು. ಅವರು ಜಗಳಕ್ಕೆಂದು ಕನ್ನಡವನ್ನು ಇಟ್ಟುಕೊಂಡಿದ್ದಾರೆ, ಅಕ್ಕಪಕ್ಕದವರಿಗೂ ಅರ್ಥವಾಗಿ ನ್ಯಾಯ ಹೇಳಲಿ ಎಂದು! ಲೆಕ್ಕ ಮತ್ತು ಜಗಳ ಎರಡನ್ನು ಬಿಟ್ಟರೆ ಆ ಮನೆಯಲ್ಲಿ ಬೇರೆ ಮಾತು ಕಡಿಮೆ. ಹೀಗಾಗಿ ಅದು ಹೆಚ್ಚುಕಮ್ಮಿ ಕನ್ನಡದ ಮನೆಯೇ ಆಗಿಬಿಟ್ಟಿದೆ.

ನನ್ನ ಮದುವೆ ಮುರಿದುಬೀಳುವುದರಲ್ಲಿತ್ತು, ಅದನ್ನೂ ಹೇಳಿಬಿಡುತ್ತೇನೆ. ಗಂಡಿನ ಕಡೆಯವರು ಕುಣಿಗಲ್ಲಿನಿಂದ ಬಂದಿದ್ದರು. ಬಸ್ ಸ್ಟ್ಯಾಂಡ್ ಹತ್ತಿರ ಅವರದೊಂದು ಚಪ್ಪಲಿ ಅಂಗಡಿ. ಮಾಮು ಟೀ ಕಪ್ಪು ಕೆಳಗಿಟ್ಟು ಶುರು ಮಾಡಿದರು.

"ವ್ಯಾಪಾರ ಏರ್ತಾ ಇದೆಯೋ, ಇಳೀತಾ ಇದೆಯೋ?"

"ಏರ್ತಾ ಇದೆ ಸಾರ್, ದೇವರ ದಯೆ" ಎಂದರು ನನ್ನ ಮಾವನಾಗಬೇಕಾದವರು.

"ಹೋದ ವರ್ಷ ಏರಿದಷ್ಟೇ ಈ ವರ್ಷವೂ ಏರ್ತಾ ಇದೆಯಾ?"

"ಅಷ್ಟು ಇಲ್ಲ ಬಿಡಿ. ಸ್ವಲ್ಪ ಕಮ್ಮಿ."

"ಹಂಗಾದ್ರೆ ಮ್ಯಾಕ್ಸಿಮಮ್ ಹತ್ರ ಬಂತು ಅಂತ ಆಯ್ತು" ಎಂದು ಮಾಮು ಅಭಿನಂದಿಸುವವರ ಹಾಗೆ ತಲೆಯಾಡಿಸಿದರು. "ತುದಿ ಮುಟ್ತೀರಿ. ಆಮೇಲೆ ಇಳಿಯೋದೇ."

ಆಮೇಲೆ ಆ ಕೋಣೆಯಲ್ಲಿ ಬಿಸ್ಕತ್ತು ಕಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಮುಮಾನಿ ನಡುವೆ ಬಂದು ಏನೇನೋ ಹೇಳಿ ಸರಿಮಾಡಿದ್ದರಿಂದ ಮದುವೆ ಆಯಿತು. ಮುಂದೆ ಹೆಚ್ಚು ಕಾಲ ಆಗಲಿಲ್ಲ, ಅಂಗಡಿಯೂ ಮುಚ್ಚಿತು. ನನ್ನ ಗಂಡ ತುಮಕೂರಿಗೇ ಬಂದು ಕೆಲಸಕ್ಕೆ ಸೇರಿಕೊಂಡರು. ಆನ್‌ಲೈನಿನಲ್ಲಿ ಚಪ್ಪಲಿ ಮಾರುವವರಿಂದ ಹೀಗಾಯಿತು ಎಂದು ಊರೆಲ್ಲ ಹೇಳಿದರೂ ನಮ್ಮತ್ತೆ ಒಪ್ಪುವುದಿಲ್ಲ. ಆ ಅಂಗಡಿಗೆ ಬೀಗ ಹಾಕಿಸಿದ್ದು ನಮ್ಮ ಮಾಮುವಿನ ಬಾಯಿ ಎಂದು ಅವರು ಇವತ್ತಿಗೂ ನಂಬಿದ್ದಾರೆ!

ಈ ಹುಚ್ಚಿನ ಮೂಲ ಎಲ್ಲಿ ಎಂದು ಕೇಳುತ್ತೀರಾ? ಗ್ರಾಫ್ ಬರೆಯುವುದರಲ್ಲಿ. ನೀವೂ ನಾನೂ ಗ್ರಾಫ್ ಬರೆಯಬೇಕೆಂದರೆ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಇಟ್ಟು, ಅವನ್ನು ಸೇರಿಸಿ ಗೆರೆ ಎಳೆಯುತ್ತೇವೆ. ಮಾಮುವಿಗೆ ಅದು ಹರಾಮು. "ಚುಕ್ಕಿ ಇಡೋನು ದಾರಿ ಗೊತ್ತಿಲ್ಲದೆ ಸಿಕ್ಕಸಿಕ್ಕಲ್ಲಿ ಬಸ್ ಇಳಿದು ವಿಚಾರಿಸೋನು" ಎನ್ನುತ್ತಾರೆ. ಅವರ ದಾರಿ ಬೇರೆ. ಗೆರೆಯ ಮೇಲೆ ಇರುವೆಯೊಂದು ಎಡದಿಂದ ಬಲಕ್ಕೆ ನಡೆಯುತ್ತಿದೆ ಎಂದುಕೊಳ್ಳಿ. ಅದು ಪ್ರತಿ ಹೆಜ್ಜೆಗೂ ಕಳಿಸುವ ವರದಿಯೇ ಡೆರಿವೇಟಿವ್. ಪ್ಲಸ್ ಬಂದರೆ ಇರುವೆ ಏರುತ್ತಿದೆ, ಮೈನಸ್ ಬಂದರೆ ಇಳಿಯುತ್ತಿದೆ, ಸೊನ್ನೆ ಬಂದರೆ ಕ್ಷಣಕಾಲ ಸಮತಟ್ಟಿನಲ್ಲಿದೆ. ಆ ಡೆರಿವೇಟಿವ್‌ಗೆ ಇನ್ನೊಂದು ಡೆರಿವೇಟಿವ್ ತೆಗೆದರೆ, ಏರಿಕೆ ಇಳಿಕೆಗಳು ಜೋರಾಗುತ್ತಿವೆಯೋ ನಿಧಾನವಾಗುತ್ತಿವೆಯೋ ಅದೂ ತಿಳಿಯುತ್ತದೆ. ಇಷ್ಟು ಗೊತ್ತಾದರೆ ಚುಕ್ಕಿಗಳು ಯಾಕೆ? ಗೆರೆಯ ಸ್ವಭಾವವೇ ಕೈಗೆ ಸಿಕ್ಕಿತಲ್ಲ!

ತುಮಕೂರಿನಲ್ಲಿ ಇಷ್ಟೊಂದು ಕಾಲೇಜುಗಳಿದ್ದರೂ, ಹುಡುಗಿ ಮಾಮುವಿನ ಕಣ್ಣೆದುರಿಗಿರಲಿ ಎಂದು ಅಮ್ಮಿ ನನ್ನನ್ನು ಗುಬ್ಬಿಗೇ ಸೇರಿಸಿದ್ದರು. ಹಾಗಾಗಿ ಆ ವೈಭವವನ್ನು ನಾನು ಕಣ್ಣಾರೆ ನೋಡಿದ್ದೇನೆ. ವರ್ಷವಿಡೀ ಮಾಮು ಸಣ್ಣಪುಟ್ಟ ಗ್ರಾಫುಗಳನ್ನು ಬರೆಸುತ್ತಿದ್ದರು. ಪರೀಕ್ಷೆಗೆ ಮುಂಚಿನ ಕೊನೆಯ ಕ್ಲಾಸಿನಲ್ಲಿ ಮಾತ್ರ ದೊಡ್ಡದೊಂದನ್ನು ತಾವೇ ಬರೆಯುತ್ತಿದ್ದರು. ಲೆಕ್ಕವನ್ನೆಲ್ಲ ಬೋರ್ಡಿನ ಮೂಲೆಯಲ್ಲಿ ಮುಗಿಸಿ, ಹೊಸ ಚಾಕ್ ತೆಗೆದು, ಒಂದು ಸಲ ಉಸಿರೆಳೆದು, ಬೋರ್ಡಿನ ಎಡ ತುದಿಯಿಂದ ಬಲ ತುದಿಗೆ ನಡೆದುಕೊಂಡು ಹೋಗುತ್ತಿದ್ದರು. ಚಾಕ್ ಎತ್ತುವಂತಿಲ್ಲ. ಎತ್ತಿದರೆ ಗೆರೆ ಸತ್ತಹಾಗೆ ಎಂದು ಅವರ ನಿಯಮ. ಏರಿ, ಬಾಗಿ, ಇಳಿದು, ಮತ್ತೆ ಏರುವ ಆ ಗೆರೆ ನೋಡಲು ಪಕ್ಕದ ಸೆಕ್ಷನ್ನಿನವರು ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಅದನ್ನು ಒರೆಸಲು ಮಾಮು ಯಾರಿಗೂ ಬಿಡುತ್ತಿರಲಿಲ್ಲ. ಮುಂದಿನ ಪೀರಿಯಡ್ಡಿಗೆ ಆರ್ಟ್ಸ್ ಹುಡುಗರೊಂದಿಗೆ ಅದೇ ಕೋಣೆಗೆ ಬಂದ ಚರಿತ್ರೆಯ ಮೇಷ್ಟ್ರು ಒಂದು ವರ್ಷ ಬೇರೆ ದಾರಿ ಕಾಣದೆ, ಆ ಗೆರೆಯನ್ನೇ ಕೋಲಿನಿಂದ ತೋರಿಸುತ್ತ ಒಂದು ಸಾಮ್ರಾಜ್ಯದ ಏಳುಬೀಳು ಪೂರ್ತಿ ಪಾಠ ಮಾಡಿ ಮುಗಿಸಿದರಂತೆ!

ಮಾಮು ಸಿಟ್ಟಾಗುತ್ತಿದ್ದದ್ದು ಒಂದೇ ತಪ್ಪಿಗೆ. ಇಳಿಯುತ್ತಿರುವ ಗೆರೆಯಲ್ಲಿ ಒಂದು ಕಡೆ ಡೆರಿವೇಟಿವ್ ಸೊನ್ನೆ ಬಂದ ಕೂಡಲೇ ನಮ್ಮಂಥವರು ಖುಷಿಯಿಂದ "ಇದೇ ಮಿನಿಮಮ್, ಇನ್ನು ಏರುತ್ತದೆ" ಎಂದು ಬರೆದುಬಿಡುತ್ತೇವೆ. ಮಾಮು ಕೆಂಪು ಪೆನ್ನಿನಲ್ಲಿ ಅದನ್ನು ಅಡ್ಡಡ್ಡ ಹೊಡೆಯುತ್ತಿದ್ದರು. "ಸೊನ್ನೆ ಬಂತು ಅಂತ ಕುಣೀಬೇಡ್ರೋ. ಈಚೆ ಕಡೆ ಚಿಹ್ನೆ ನೋಡಿ, ಆಚೆ ಕಡೆ ಚಿಹ್ನೆ ನೋಡಿ. ಈಚೆ ಮೈನಸ್, ಆಚೆ ಪ್ಲಸ್ ಇದ್ರೆ ಮಾತ್ರ ಅದು ತಳ. ಎರಡು ಕಡೇನೂ ಮೈನಸ್ಸೇ ಇದ್ರೆ? ಮಹಡಿ ಮೆಟ್ಟಿಲು ಇಳೀವಾಗ ನಡುವೆ ತಿರುಗೋ ಜಾಗ ಬರುತ್ತಲ್ಲ, ಅದು ಕಣ್ರೋ. ಅಲ್ಲಿ ನಿಂತು ನೆಲ ಬಂತು ಅಂದ್ಕೊಂಡು ಕಾಲಿಟ್ರೆ ಸೊಂಟ ಮುರೀತದೆ." ನನ್ನ ಸೊಂಟವಂತೂ ಎರಡು ವರ್ಷವೂ ಮುರಿಯಿತು.

ಮುಮಾನಿಯ ಬಗ್ಗೆ ಹೇಳದೆ ಈ ಕಥೆ ಮುಂದೆ ಹೋಗದು. ಅವರು ಮೆಹಂದಿ ಹಾಕುವುದರಲ್ಲಿ ಪಳಗಿದ ಕೈ. ತುಮಕೂರಿನಲ್ಲಿ ಎಷ್ಟೋ ಮದುವಣಗಿತ್ತಿಯರ ಅಂಗೈ ಅವರ ಮುಂದೆ ಚಾಚಿದೆ. ಬಳ್ಳಿ, ಎಲೆ, ಮಾವಿನಕಾಯಿ ಆಕಾರ, ಎಲ್ಲವೂ ಕೋನಿನಿಂದ ಜೇನು ಸುರಿದಷ್ಟು ಸಲೀಸು. ಅದನ್ನು ನೋಡಿದರೆ ಮಾಮುವಿಗೆ ಸಂಕಟ.

"ನಿನ್ನ ಬಳ್ಳಿ ಹಿಂದಕ್ಕೆ ಸುತ್ತಿಕೊಂಡು ಬರುತ್ತೆ ಕಣೇ. ಒಂದೇ ಜಾಗದಲ್ಲಿ ಮೇಲೂ ಇದೆ, ಕೆಳಗೂ ಇದೆ. ಇದಕ್ಕೆ ಡೆರಿವೇಟಿವ್ ತೆಗೆಯೋದು ಹೆಂಗೆ?"

"ತೆಗೀಬೇಡಿ ಅಂತಲೇ ಸುತ್ತಿದೀನ್ರೀ. ನಿಮ್ಮ ಕೈಗೆ ಸಿಗಬಾರದು ಅಂತ!"

ನಾನು ಚಿಕ್ಕವಳಿದ್ದಾಗ ಒಂದು ಹಬ್ಬದ ಹಿಂದಿನ ಸಂಜೆ ಮುಮಾನಿ ನನ್ನ ಬಲಗೈಗೆ ಮೆಹಂದಿ ಹಾಕಿ, ಹಾಲು ಉಕ್ಕಿತೆಂದು ಒಳಗೆ ಓಡಿದರು. ಮಾಮು ಮೆಲ್ಲಗೆ ಬಂದು ಕೋನ್ ಕೈಗೆ ತೆಗೆದುಕೊಂಡರು. ನನ್ನ ಎಡ ಅಂಗೈ ಮೇಲೆ ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಎಳೆದು, ನಡುವೆ ಒಂದು ಕರ್ವ್ ಬರೆದು, ಮ್ಯಾಕ್ಸಿಮಮ್ ಎಲ್ಲಿ ಮಿನಿಮಮ್ ಎಲ್ಲಿ ಎಂದು ಗುರುತೂ ಹಾಕಿದರು! ನಾನು ಬೀದಿಗೆ ಕೇಳುವಂತೆ ಅತ್ತೆ. ಮುಮಾನಿ ಬಂದು ನೋಡಿ, ಗಂಡನನ್ನು ಅಚ್ಚ ಕನ್ನಡದಲ್ಲಿ ಬೈಯುತ್ತಲೇ, ಆ ಅಡ್ಡಗೆರೆ ಉದ್ದಗೆರೆಗಳನ್ನು ಕಾಂಡ ಮಾಡಿ, ಕರ್ವ್‌ನ ಉದ್ದಕ್ಕೂ ಎಲೆ ಬಿಡಿಸಿ ಬಚಾವ್ ಮಾಡಿದರು. ಆ ಹಬ್ಬದಲ್ಲಿ ಎಲ್ಲರೂ ಹೊಗಳಿದ್ದು ಆ ಎಡಗೈಯನ್ನೇ. ಅದು ತಮ್ಮ ಕರ್ವ್‌ನಿಂದ ಎಂದು ಇವರು, ತಮ್ಮ ಎಲೆಗಳಿಂದ ಎಂದು ಅವರು, ಇನ್ನೂ ತೀರ್ಮಾನವಾಗಿಲ್ಲ.

ಇಷ್ಟು ಹೊತ್ತು ನಗಿಸಲು ನೋಡಿದೆ. ಇನ್ನು ಮುಂದಿನದು ನನಗೂ ಅಷ್ಟು ಸಲೀಸಾಗಿ ಬರುವುದಿಲ್ಲ.

ಒಂದು ದಿನ ಮಾಮು ಕಾಲೇಜಿನಿಂದ ನೇರ ನಮ್ಮ ಮನೆಗೆ ಬಂದು, ನಗುತ್ತಾ ಒಂದು ವಿಷಯ ಹೇಳಿದರು. ಬೋರ್ಡಿನ ಮೇಲೆ ಕರ್ವ್ ಬರೆದು ತಿರುಗಿದರೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಅಲ್ಲೊಂದು ಮಿನಿಮಮ್ ಜಾಸ್ತಿ ಇದೆ" ಎಂದಳಂತೆ. ನೋಡಿದರೆ ನಿಜ. ಸಲೀಸಾಗಿ ಏರಬೇಕಾದ ಕಡೆ ಗೆರೆ ಒಂದು ಸಣ್ಣ ಗುಳಿ ಬಿದ್ದು ಎದ್ದಿತ್ತು. ಅದರ ಪಕ್ಕದಲ್ಲಿ ಇನ್ನೊಂದು. "ಲೆಕ್ಕದಲ್ಲಿ ಇಲ್ಲದ ಮಿನಿಮಮ್ಮು, ಕೈಯಿಂದ ಬಂದ್ಬಿಟ್ಟಿದೆ ಕಣೇ!" ಎಂದು ನಕ್ಕರು. ಅಷ್ಟರಲ್ಲಿ ನಾನು ಕೊಟ್ಟ ಟೀ ಕಪ್ಪು ಅವರ ಕೈಯಲ್ಲಿ ಸಾಸರಿನ ಮೇಲೆ ಟಕಟಕ ಎನ್ನತೊಡಗಿತು. ಇಬ್ಬರೂ ಅದನ್ನು ಕೇಳಿಸಿಕೊಳ್ಳದವರ ಹಾಗೆ ಸ್ವಲ್ಪ ಹೊತ್ತು ಹವಾಮಾನದ ಬಗ್ಗೆ ಮಾತಾಡಿದೆವು.

ಡಾಕ್ಟರ ಹತ್ತಿರ ಮಾಮು, ಮುಮಾನಿ, ನಾನು ಮೂವರೂ ಹೋದೆವು. ಕೈ ನಡುಗುವ ಕಾಯಿಲೆ, ನರಗಳಿಗೆ ಸಂಬಂಧಿಸಿದ್ದು, ಪೂರ್ತಿ ವಾಸಿಯಾಗುವುದಿಲ್ಲ ಎಂದರು. ಕೇಳಬೇಕಾದ್ದನ್ನು ಮಾಮು ಬಿಡುತ್ತಾರೆಯೇ?

"ಏರ್ತದೋ, ಇಳೀತದೋ ಡಾಕ್ಟ್ರೇ?"

"ಇದು ನಿಧಾನಕ್ಕೆ ಜಾಸ್ತಿ ಆಗೋ ಕಾಯಿಲೆ ಸಾರ್."

"ನಿಧಾನ ಅಂದ್ರಿ, ಸಂತೋಷ. ಆ ನಿಧಾನ ಹಂಗೇ ಇರುತ್ತೋ, ಬರ್ತಾ ಬರ್ತಾ ಜೋರಾಗುತ್ತೋ?"

ಡಾಕ್ಟರು ಕನ್ನಡಕ ತೆಗೆದು, "ಅದು ಒಬ್ಬೊಬ್ರಿಗೆ ಒಂದೊಂದು ಥರ. ಆಗಾಗ ಬಂದು ತೋರಿಸ್ತಾ ಇರಿ, ನೋಡ್ತಾ ಹೋಗೋಣ" ಎಂದರು. ಹೊರಗೆ ಬಂದ ಮೇಲೆ ಮಾಮು ಆಟೋದಲ್ಲಿ ಕೂತು ಬೇಸರದಿಂದ ಹೇಳಿದ್ದು ಒಂದೇ ಮಾತು. "ಇವನೂ ಚುಕ್ಕಿ ಇಡೋನೇ!" ಮುಮಾನಿ ನಗಲಿಲ್ಲ. ಕಿಟಕಿಯಿಲ್ಲದ ಆಟೋದಲ್ಲಿ ಹೊರಗೆ ನೋಡುತ್ತಾ ಮಾತ್ರೆಯ ಚೀಟಿಯನ್ನು ಚಿಕ್ಕದಾಗಿ ಮಡಿಚುತ್ತಾ ಇದ್ದರು.

ಅದು ಮಾಮುವಿನ ನೌಕರಿಯ ಕೊನೆಯ ವರ್ಷ. ನಿವೃತ್ತಿಯ ಸನ್ಮಾನ, ಶಾಲು, ಹಾರ ಯಾವುದರ ಮೇಲೂ ಅವರಿಗೆ ಆಸೆಯಿರಲಿಲ್ಲ. ಪರೀಕ್ಷೆಗೆ ಮುಂಚಿನ ಆ ಕೊನೆಯ ಕ್ಲಾಸಿನಲ್ಲಿ ದೊಡ್ಡ ಕರ್ವ್ ಒಂದನ್ನು ತಮ್ಮ ಕೈಯಿಂದಲೇ, ಚಾಕ್ ಎತ್ತದೆ ಬರೆದು ಹೊರಬರಬೇಕು, ಅಷ್ಟೇ. ಮಾತ್ರೆ ನುಂಗುವಾಗಲೂ ಅದೇ, ಊಟಕ್ಕೆ ಕೂತಾಗಲೂ ಅದೇ ಮಾತು. ಕೈ ನಡುಗುತ್ತಿದ್ದರೂ ಯಾವ ಫಂಕ್ಷನ್ ತೆಗೆದುಕೊಳ್ಳಬೇಕು ಎಂಬ ಯೋಚನೆ ಅವರ ತಲೆಯಲ್ಲಿ ನಡೆದೇ ಇತ್ತು.

ಮಾತ್ರೆ ಕೆಲಸ ಮಾಡಿತು. ಕೆಲವು ವಾರಗಳಲ್ಲಿ ಕೈ ಸುಮ್ಮನಾಯಿತು. ಮಾಮು ಸಿಹಿ ಡಬ್ಬ ಹಿಡಿದು ಮನೆಮನೆಗೆ ಬಂದರು. "ಡೆರಿವೇಟಿವ್ ಸೊನ್ನೆ ಕಣೇ! ಏನೂ ಬದಲಾವಣೆ ಇಲ್ಲ. ಆರೋಗ್ಯ ತಳ ಮುಟ್ಟಾಯ್ತು, ಇನ್ನು ಏರೋದೇ!"

ನಾನು ಹುಟ್ಟಾ ಮಂಕು ಸ್ವಭಾವದವಳು. ಸಿಹಿ ಬಾಯಲ್ಲಿಟ್ಟುಕೊಂಡೇ ಕೇಳಿಬಿಟ್ಟೆ. "ಮಾಮು, ಆಚೆ ಕಡೆ ಚಿಹ್ನೆ ನೋಡಿದ್ರಾ?"

ಅವರು ತಟ್ಟನೆ ನಿಂತರು. ಜೀವಮಾನವೆಲ್ಲ ಯಾವ ತಪ್ಪಿಗೆ ಮಕ್ಕಳ ಅಂಕ ಕಳೆದರೋ ಅದೇ ತಪ್ಪನ್ನು ಡಬ್ಬದಲ್ಲಿ ಹಾಕಿಕೊಂಡು ಊರಿಗೆ ಹಂಚುತ್ತಿದ್ದೇನೆ ಎಂದು ಅವರಿಗೆ ಗೊತ್ತಿಲ್ಲದೇ ಇತ್ತೇ? ಮೆಲ್ಲಗೆ ಹೇಳಿದರು. "ಪೇಪರ್ ಮೇಲಾದ್ರೆ ನೋಡಬಹುದು. ಇಲ್ಲಿ ಆಚೆ ಕಡೆ ನೋಡ್ಬೇಕು ಅಂದ್ರೆ ಆಚೆಗೇ ಹೋಗ್ಬೇಕಲ್ಲಮ್ಮ." ಆಮೇಲೆ ಇನ್ನೊಂದು ಸಿಹಿ ತೆಗೆದು ನನ್ನ ಕೈಯಲ್ಲಿಟ್ಟರು. "ತಿನ್ನು. ಮೆಟ್ಟಿಲ ಮಧ್ಯದಲ್ಲಾದ್ರೂ ಒಂಚೂರು ಕೂತ್ಕೋಬಾರ್ದಾ?"

ಚಳಿಗಾಲ ಕಳೆಯುವಷ್ಟರಲ್ಲಿ ಆಚೆ ಕಡೆಯೂ ಬಂತು. ಅಲ್ಲೂ ಮೈನಸ್ಸೇ. ಬಲಗೈ ಮೊದಲಿಗಿಂತ ಜೋರಾಗಿ ನಡುಗತೊಡಗಿತು. ಅಂಗಿಯ ಗುಂಡಿ ಹಾಕುವುದು ಮುಮಾನಿಯ ಪಾಲಿಗೆ ಬಂತು. ರಂಜಾನ್ ಬಂದಾಗ, ಮಾತ್ರೆ ಹೊತ್ತುಹೊತ್ತಿಗೆ ಬೇಕು, ರೋಜಾ ಇಡಬೇಡಿ ಎಂದರು ಡಾಕ್ಟರು. ಎಲ್ಲರೂ ಉಪವಾಸವಿದ್ದಾಗ ಮಾಮು ಅಡುಗೆಮನೆಯ ಬಾಗಿಲು ಹಾಕಿಕೊಂಡು ಕಳ್ಳನ ಹಾಗೆ ತಿನ್ನುತ್ತಿದ್ದರು.

ಕೊನೆಯ ಕ್ಲಾಸಿನ ದಿನ ಅವರು ಬೆಳಗಿನ ಬಸ್ಸಿಗೇ ಗುಬ್ಬಿಗೆ ಹೋದರು. ಸುದ್ದಿ ಹಬ್ಬಿ ಕಿಟಕಿಗಳ ತುಂಬ ತಲೆಗಳಂತೆ. ಚರಿತ್ರೆಯ ಮೇಷ್ಟ್ರೂ ಬಾಗಿಲಲ್ಲಿ ನಿಂತಿದ್ದರಂತೆ. ಲೆಕ್ಕವನ್ನು ಮಾಮು ಬಾಯಲ್ಲೇ ಮಾಡಿಸಿದರು. ಎಲ್ಲಿ ಸೊನ್ನೆ, ಎಲ್ಲಿ ಪ್ಲಸ್, ಎಲ್ಲಿ ಮೈನಸ್ ಎಲ್ಲವೂ ಸರಿಯಾಗಿ ಬಂತು. ಹೊಸ ಚಾಕ್ ತೆಗೆದು, ಉಸಿರೆಳೆದು ಬೋರ್ಡಿಗೆ ಮುಟ್ಟಿಸಿದರು. ಟಕ್ ಟಕ್ ಟಕ್ ಎಂದು ಚಾಕ್ ಬೋರ್ಡನ್ನು ಕುಟ್ಟಿತು, ಗೆರೆ ಹೊರಡಲಿಲ್ಲ. ಎಡಗೈಯಿಂದ ಬಲಗೈ ಹಿಡಿದುಕೊಂಡು ಬೋರ್ಡಿನುದ್ದಕ್ಕೂ ಇನ್ನಷ್ಟು ದೂರ ಸರಿದರು. ಕೈ ತೆಗೆದು ನೋಡಿದರೆ ಬೋರ್ಡಿನ ಮೇಲೆ ಇದ್ದದ್ದು ಒಂದು ಸಾಲು ಚುಕ್ಕಿ! ಮಾಮು ಮಕ್ಕಳ ಕಡೆಗೆ ತಿರುಗಿ, "ಚುಕ್ಕಿ ಇಟ್ಟು ಗ್ರಾಫ್ ಬರೆಯೋದು ಹೆಂಗೆ ಅಂತ ನಿಮಗೆ ತೋರಿಸಿಯೇ ಇರಲಿಲ್ಲ ನೋಡಿ" ಎಂದರಂತೆ. ಯಾರೂ ನಗಲಿಲ್ಲ. ಚಾಕನ್ನು ಮೇಜಿನ ಮೇಲಿಟ್ಟು, ಪರೀಕ್ಷೆ ಚೆನ್ನಾಗಿ ಬರೆಯಿರಿ ಎಂದು ಹೇಳಿ ಬಸ್ ಹತ್ತಿ ಬಂದುಬಿಟ್ಟರು.

ಇದನ್ನೆಲ್ಲ ಅವರು ನನಗೆ ಹೇಳಿದ್ದು ಹಬ್ಬದ ಹಿಂದಿನ ಸಂಜೆ. ಚಂದ್ರ ಕಂಡಾಗಿತ್ತು. ಬೀದಿಯಲ್ಲಿ ಮಕ್ಕಳ ಗಲಾಟೆ, ಪಟಾಕಿ. ನಾನು ಪ್ರತಿ ವರ್ಷದ ಹಾಗೆ ಮುಮಾನಿಯ ಮುಂದೆ ಅಂಗೈ ಚಾಚಿ ಕೂತಿದ್ದೆ. ಮಾಮು ಎದುರಿನ ಕುರ್ಚಿಯಲ್ಲಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತು, ಇದನ್ನೂ ಒಂದು ತಮಾಷೆಯ ಹಾಗೆ ಹೇಳಿ ಮುಗಿಸಿದರು. ಕೊನೆಗೆ ತಮಾಷೆ ಕೈಕೊಟ್ಟಿತು. "ಆ ಒಂದು ಗೆರೆ ಉಳಿದುಹೋಯ್ತು ಕಣೇ" ಎಂದು ಗೋಡೆಯ ಕಡೆ ನೋಡಿದರು.

ಮುಮಾನಿ ನನ್ನ ಬಲಗೈ ಬಿಟ್ಟು ಎಡಗೈ ಎಳೆದುಕೊಂಡರು. ಅಂಗೈ ಹತ್ತಿರ ಕೋನ್ ಹಿಡಿದು, ತಲೆಯೆತ್ತದೆ ಹೇಳಿದರು.

"ಹೇಳ್ರೀ."

"ಏನ್ ಹೇಳ್ಲಿ?"

"ಅದೇ, ನಿಮ್ಮ ಗೆರೆ. ಆ ಅಡ್ಡ ಉದ್ದ ಕಡ್ಡಿಗಳನ್ನ ಮಾತ್ರ ನಾನು ಹಾಕಲ್ಲ. ಹೇಳಿ, ಎಲ್ಲಿಂದ?"

ಮಾಮು ಅವರನ್ನೇ ನೋಡಿದರು. "ಕಿರುಬೆರಳ ಕಡೆಯಿಂದ ಶುರು ಮಾಡು. ಏರು. ಜೋರಾಗಿ ಏರು… ಹಾಂ, ಈಗ ನಿಧಾನ ಮಾಡ್ಕೋ. ಏರ್ತಾನೇ ಇರ್ಬೇಕು, ಆದ್ರೆ ನಿಧಾನ…" ತಣ್ಣನೆಯ ಗೆರೆ ನನ್ನ ಅಂಗೈ ಮೇಲೆ ಅವರು ಹೇಳಿದ ಹಾಗೇ ಏರಿತು, ಬಾಗಿತು. ಒಂದು ಎಲೆಯಿಲ್ಲ, ಸುತ್ತಿಲ್ಲ. "ನಿಲ್ಲಬೇಡ, ಚಪ್ಪಟೆಯಾಗಿ ಹೋಗು. ಹಾಂ. ಅಲ್ಲೇ ಸೊನ್ನೆ. ಅಲ್ಲಿಗೆ ತುದಿ."

ಮುಮಾನಿಯ ಕೈ ತೋರುಬೆರಳಿನ ಬುಡದಲ್ಲಿ, ಎಲ್ಲಕ್ಕಿಂತ ಮೇಲೆ ಇತ್ತು. "ಮುಂದೆ?" ಎಂದರು.

"ಮುಂದೆ ಇನ್ನೇನು. ಇಳೀಬೇಕು."

ಇಷ್ಟು ವರ್ಷ ಆ ಮನೆಯಲ್ಲಿ ಯಾವ ಪ್ರಶ್ನೆಯನ್ನು ಅಣಕಿಸಿ, ಬೈದು, ತಲೆ ಚಚ್ಚಿಕೊಂಡು ಬಂದಿದ್ದರೋ, ಆ ಪ್ರಶ್ನೆಯನ್ನು ಮುಮಾನಿ ಕೇಳಿದರು. ಜಗಳದ ದನಿಯಲ್ಲಲ್ಲ.

"ಜೋರಾಗೋ, ನಿಧಾನವಾಗೋ?"

ಮಾಮು ತೊಡೆಯ ಕೆಳಗಿಂದ ಒಂದು ಕೈ ಈಚೆ ತೆಗೆದರು. ಅದು ನಡುಗುತ್ತಲೇ ಹೋಗಿ ಮುಮಾನಿಯ ಹೆಗಲ ಮೇಲೆ ಕೂತಿತು. "ನಿಧಾನ ಕಣೇ" ಎಂದರು. "ಎಷ್ಟು ನಿಧಾನ ಆಗುತ್ತೋ ಅಷ್ಟು."

ನನಗೆ ಅಳು ಬಂದಿತ್ತು. ಆದರೆ ಕೈ ಅಲುಗಾಡಿಸಿದರೆ ಗೆರೆ ಕೆಡುತ್ತದಲ್ಲ, ಉಸಿರು ಬಿಗಿಹಿಡಿದು ಕೂತೆ. ಮುಮಾನಿ ಇಳಿಸಿದರು, ಇಳಿಯುತ್ತಿದೆ ಎಂದು ಕಣ್ಣಿಗೆ ಗೊತ್ತಾಗದಷ್ಟು ನಿಧಾನವಾಗಿ. ಅಂಗೈ ಮುಗಿಯಿತು. ಮಣಿಕಟ್ಟು ಬಂತು. ನನ್ನ ತೋಳನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು, ಕೋನ್ ಎತ್ತಲಿಲ್ಲ.